ಗೇಟಿನವರೆಗಿನ ಕೇಬಲ್

ಪೈಪಿಗೆ ಹಚ್ಚುವ ಅಂಟಿನ ಡಬ್ಬಿಯ ಮುಚ್ಚಳ ತೆಗೆದರೆ ಒಂದು ವಾಸನೆ ಬರುತ್ತದೆ. ಮೂಗಿನೊಳಗೆ ಚುರ್ರೆನ್ನುವ, ಸ್ವಲ್ಪ ತಲೆ ತಿರುಗಿಸುವ ವಾಸನೆ. ಇಷ್ಟು ವರ್ಷದಿಂದ ವೈರಿಂಗ್ ಕೆಲಸದಲ್ಲೇ ಇರುವ ನನಗೆ ಅದರಲ್ಲೇನೂ ವಿಶೇಷವಿಲ್ಲ. ಆದರೆ ಹೋದ ವಾರ, ಮೈಸೂರಿನ ದಟ್ಟಗಳ್ಳಿಯ ಆಚೆ, ಸರೋಜಮ್ಮ ಮೇಡಂ ಅವರ ಗೇಟಿನ ಪಕ್ಕ ಕುಕ್ಕುರುಗಾಲಲ್ಲಿ ಕೂತು ಅದೇ ಡಬ್ಬಿ ತೆಗೆದಾಗ ಹಸಿ ಮಣ್ಣಿನ ವಾಸನೆಯೂ ಜೊತೆಗೆ ಸೇರಿಕೊಂಡು, ನನ್ನ ಬಲಗೈ ನಡುಬೆರಳು ತನ್ನಷ್ಟಕ್ಕೆ ತಾನೇ ಜುಮ್ಮೆಂದಿತು. ಆ ಬೆರಳಿನ ತುದಿಗೆ ಈಗ ಬಿಸಿಯೂ ಗೊತ್ತಾಗುವುದಿಲ್ಲ, ತಣ್ಣಗಿರುವುದೂ ಗೊತ್ತಾಗುವುದಿಲ್ಲ. ಆ ಜಾಗವೊಂದು ಮಾತ್ರ ಅದಕ್ಕೆ ಚೆನ್ನಾಗಿ ಗೊತ್ತು.

"ನೋಯ್ತದಾ ಅಣ್ಣ?" ಎಂದ ಮಾದೇಶ, ಕೈಯಲ್ಲಿದ್ದ ಪೈಪನ್ನು ಹಾಗೇ ಹಿಡಿದುಕೊಂಡು. ನಂಜನಗೂಡು ಕಡೆಯ ಹುಡುಗನಾಗಿ ನನ್ನ ಹತ್ತಿರ ಕೆಲಸಕ್ಕೆ ಸೇರಿದವನು ಈಗ ಇಬ್ಬರು ಮಕ್ಕಳ ತಂದೆ. ಆದರೂ ಈ ಗೇಟಿನ ಒಳಗೆ ಕಾಲಿಟ್ಟರೆ ಅವನಿಗೆ ಅದೊಂದೇ ಪ್ರಶ್ನೆ.

"ನಿನ್ನ ಕೆಲ್ಸ ನೋಡೋ," ಎಂದೆ.

ಮೇಡಂ ಅವರ ಜಾಗ ಒಂದು ಥರ ವಿಚಿತ್ರದ್ದು. ಅವರ ತಂದೆಯ ಕಾಲದಲ್ಲಿ ಅದು ಹೊಲ. ಸುತ್ತಮುತ್ತ ಎಲ್ಲ ಲೇಔಟ್ ಆದಾಗ ಇವರ ಪಾಲಿಗೆ ಉಳಿದದ್ದು ಅಗಲವೇ ಇಲ್ಲದ, ಬರೀ ಉದ್ದವಿರುವ ಒಂದು ಪಟ್ಟಿ. ರಸ್ತೆಯ ಕಡೆ ಗೇಟು. ಗೇಟಿನ ಪಕ್ಕ ಬಾಡಿಗೆಗೆ ಕೊಟ್ಟಿರುವ ಪುಟ್ಟ ಮನೆ. ನಡುವೆ ಬೋರ್‌ವೆಲ್ಲಿನ ಮೋಟಾರು ಮನೆ, ನಾಲ್ಕು ತೆಂಗು, ಒಂದು ಹಲಸು. ಕಟ್ಟಕಡೆಗೆ ಮೇಡಂ ಮನೆ. ಅಲ್ಲಿ ಜಗಲಿಯಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿದರೂ ಗೇಟಿನ ಹತ್ತಿರದವರಿಗೆ ಕೇಳಿಸುವುದಿಲ್ಲ.

ಅವರು ಸರ್ಕಾರಿ ಹೈಸ್ಕೂಲಿನಲ್ಲಿ ಪಿಟಿ ಮೇಡಂ ಆಗಿದ್ದವರು. ಬಿಸಿಲಲ್ಲಿ ಮಕ್ಕಳನ್ನು ಓಡಿಸಿ, ತಾವೂ ಓಡಿ, ನಿವೃತ್ತಿಯಾಗುವ ಹೊತ್ತಿಗೆ ಬೆನ್ನುಹುರಿಗೆ ಏನೋ ಕಾಯಿಲೆ ಬಂದು ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತು. ಮದುವೆಯಾದವರಲ್ಲ. ಹಗಲು ಪುಟ್ಟಮ್ಮ ಎನ್ನುವ ಹೆಂಗಸು ಬಂದು ಅಡುಗೆ, ಸ್ನಾನ ಎಲ್ಲ ನೋಡಿ ಸಂಜೆ ಹೊರಡುತ್ತಿದ್ದಳು. ಆಮೇಲಿನದ್ದಕ್ಕೆ ತಮ್ಮ ಜಯರಾಮು ಇದ್ದರು, ಬ್ಯಾಂಕಿನವರು. ಎಷ್ಟೋ ವರ್ಷದ ಹಿಂದಿನ ಮಾತು, ಅವರಿಗೆ ಲಖನೌಗೆ ವರ್ಗವಾಯಿತು. ಅದನ್ನು ತಪ್ಪಿಸಲು ಬೇಡುವಷ್ಟು ಬೇಡಿ, ಅಲೆಯುವಷ್ಟು ಅಲೆದು, ಕೊನೆಗೆ ಗಣಪತಿ ಬಿಟ್ಟ ಮಾರನೆಯ ದಿನ ಹೊರಡುವುದೆಂದು ತೀರ್ಮಾನವಾಯಿತು.

ನನ್ನನ್ನು ಕರೆಸಿದ ದಿನ ಜಯರಾಮು ಸುತ್ತಿ ಬಳಸಿ ಮಾತಾಡಲಿಲ್ಲ. "ನೋಡಿ ಚಂದ್ರು ಅವ್ರೆ, ಅಕ್ಕ ಮಂಚದ ಮೇಲಿಂದ್ಲೇ ಗೇಟಲ್ಲಿ ಯಾರವ್ರೆ ಅಂತ ಕ್ಯಾಮೆರಾದಲ್ಲಿ ನೋಡಿ ಮಾತಾಡ್ಬೇಕು, ಗೇಟು ತೆಗೀಬೇಕು, ಬಾಗ್ಲು ತೆಗೀಬೇಕು, ಮೋಟ್ರು ಹಾಕ್ಬೇಕು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಬಾಡಿಗೆಯವ್ರ ಮನೇಲಿ ಬೆಲ್ ಹೊಡೀಬೇಕು. ನಾನು ಹೊರಡೋ ಹೊತ್ಗೆ ಇಷ್ಟೂ ಆದ್ರೆ ಅಕ್ಕ ಇಲ್ಲೇ ಇರ್ತಾಳೆ. ಆಗ್ಲಿಲ್ಲ ಅಂದ್ರೆ ವಯಸ್ಸಾದವ್ರ ಹೋಮ್‌ಗೆ ಸೇರಿಸ್ಬುಟ್ಟು ಹೋಗ್ತೀನಿ. ಅಲ್ಲಿ ಮಾತಾಡಿ ಬಂದಿದ್ದೀನಿ."

ಮೇಡಂ ಗೋಡೆಯ ಕಡೆ ಕೈ ತೋರಿಸಿದರು. ಅಲ್ಲೊಂದು ಕಂದು ಬಣ್ಣದ ಸೂಟ್‌ಕೇಸು ನಿಂತಿತ್ತು. "ನನ್ ಸೀರೆ ಎಲ್ಲ ಅದ್ರಲ್ಲಿ ಹಾಕಾಯ್ತು ಕಣಪ್ಪ. ದಿನಾ ಬೆಳಗೆದ್ರೆ ಅದೇ ಮೊದ್ಲು ಕಾಣ್ತದೆ," ಎಂದರು. ನಗುತ್ತಲೇ ಹೇಳಿದರು. ಆದರೆ ಮೂವತ್ತು ವರ್ಷ ಊರಿನ ಮಕ್ಕಳನ್ನು ಬಲಕ್ಕೆ ಎಡಕ್ಕೆ ತಿರುಗಿಸಿದ ಹೆಂಗಸು, ತನ್ನ ಮನೆಯ ಬಾಗಿಲನ್ನು ತಾನೇ ತೆಗೆಯಬೇಕು ಎಂಬ ಒಂದೇ ಆಸೆಗೆ ನನ್ನಂಥವನ ಮುಖ ನೋಡುತ್ತಿದ್ದುದಕ್ಕೆ ನನಗೆ ಸಂಕಟವಾಯಿತು.

ಮೊದಲು ತಂತಿಯೇ ಇಲ್ಲದೆ ಗಾಳಿಯಲ್ಲಿ ಹೋಗುವ ಸಿಗ್ನಲ್ಲಿನಲ್ಲಿ ಕೆಲಸ ಮುಗಿಸಲು ನೋಡಿದೆವು. ಬಿಸಿಲಿದ್ದ ದಿನ ಎಲ್ಲ ಚೆನ್ನ. ಹಲಸಿನ ಮರ ತೊಯ್ದು ತೊಪ್ಪೆಯಾದ ದಿನ ಗೇಟು ಮುನಿಸಿಕೊಂಡು ಕೂತುಬಿಡುತ್ತಿತ್ತು. ಮೇಡಂ ಬಟನ್ ಒತ್ತುತ್ತಾರೆ, ಒಮ್ಮೆ ತೆರೆಯುತ್ತದೆ, ಇನ್ನೊಮ್ಮೆ ಇಲ್ಲ. "ಒಂದ್ಸಲ ಇದ್ದು ಒಂದ್ಸಲ ಇಲ್ದೆ ಇರಕ್ಕೆ ನನ್ ಜೀವಕ್ಕೆ ಆಗಲ್ಲ ಚಂದ್ರು," ಎಂದರು ಮೇಡಂ. ಸರಿ, ನೆಲ ಅಗೆದು ಕೇಬಲ್ ಎಳೆಯುವುದೇ ಎಂದು ನಿರ್ಧಾರವಾಯಿತು.

ಮೈಸೂರಿನ ಮಳೆ ಸಾಮಾನ್ಯವಾಗಿ ಮರ್ಯಾದಸ್ಥ ಮಳೆ. ಸಂಜೆ ಬಂದು, ಹೇಳಿದಷ್ಟು ಹೊತ್ತು ಇದ್ದು ಹೋಗುತ್ತದೆ. ಆ ವರ್ಷ ಮಾತ್ರ ಅದಕ್ಕೆ ಏನಾಗಿತ್ತೋ, ಆಷಾಢದಲ್ಲಿ ಹಿಡಿದದ್ದು ಶ್ರಾವಣ ಕಳೆದರೂ ಬಿಡಲಿಲ್ಲ. ಉದಯಗಿರಿಯ ನಾಸಿರ್ ಭಾಯ್ ತಮ್ಮ ಆಳುಗಳನ್ನು ಕರೆತಂದು ಕಾಲುವೆ ತೋಡಿಸುತ್ತಿದ್ದರು. ಬೆಳಗ್ಗೆ ತೋಡಿದ್ದು ಸಂಜೆಗೆ ಕುಸಿಯುತ್ತಿತ್ತು. ಕುಸಿದ ಕೆಸರನ್ನು ಬಾಂಡಲಿಯಲ್ಲಿ ಎತ್ತಿ ಹಾಕಿ, ನೀರನ್ನು ಬಕೆಟ್ಟಿನಲ್ಲಿ ಮೊಗೆದು, ತಳಕ್ಕೆ ಮರಳು ಹಾಸಿ, ಪೈಪು ಕೂರಿಸಿ, ಅಂಟು ಹಚ್ಚಿ, ಒಣಗುವ ತನಕ ಅದರ ಮೇಲೆ ಛತ್ರಿ ಹಿಡಿದು ನಿಲ್ಲಬೇಕು. ಮದುವೆ ಗಂಡಿಗೂ ಅಷ್ಟು ಹೊತ್ತು ಯಾರೂ ಛತ್ರಿ ಹಿಡಿದಿರಲಾರರು ಎಂದು ನಾಸಿರ್ ಭಾಯ್ ಗೊಣಗುತ್ತಿದ್ದರು. ಕರೆಂಟಿನ ತಂತಿಗೆ ಒಂದು ಪೈಪು, ಒಂದು ಅಡಿ ಬಿಟ್ಟು ಕಂಟ್ರೋಲ್ ಕೇಬಲ್ಲಿಗೆ ಇನ್ನೊಂದು. ಎರಡನ್ನೂ ಒಂದರಲ್ಲೇ ತುರುಕಿದರೆ ಕರೆಂಟಿನ ಗದ್ದಲ ಕಂಟ್ರೋಲ್ ಕೇಬಲ್ಲಿಗೂ ಹತ್ತಿ, ಮೇಡಂ ಮೋಟಾರು ಹಾಕಿದರೆ ಗೇಟು ತೆರೆದುಕೊಂಡೀತು. ಪೈಪು ಮೋಟಾರು ಮನೆಯ ಹತ್ತಿರ ತಿರುಗುತ್ತಿತ್ತು. ಆ ತಿರುವಿನಲ್ಲಿ ಎದೆಮಟ್ಟದ ಒಂದು ಗುಂಡಿ ತೆಗೆದು, ಮಣ್ಣು ಕುಸಿಯದಂತೆ ಸಿಮೆಂಟ್ ಬಳೆ ಇಳಿಸಿದೆವು.

ಪೈಪಿನೊಳಗೆ ಹಗ್ಗ ಹೋಗಬೇಕಲ್ಲ, ಅದಕ್ಕೆ ಮೇಡಂ ಮನೆಯ ವ್ಯಾಕ್ಯೂಮ್ ಕ್ಲೀನರನ್ನೇ ಕೇಳಿ ತಂದೆ. ಪ್ಲಾಸ್ಟಿಕ್ ಚೀಲದ ಚೂರಿಗೆ ದಾರ ಕಟ್ಟಿ ಈ ಬಾಯಿಗೆ ಇಟ್ಟು ಆ ಬಾಯಿಯಿಂದ ಕ್ಲೀನರಿನಲ್ಲಿ ಗಾಳಿ ಎಳೆದರೆ ದಾರ ಸರಸರನೆ ಹೋಗುತ್ತದೆ. ದಾರಕ್ಕೆ ಹಗ್ಗ, ಹಗ್ಗಕ್ಕೆ ಕೇಬಲ್. ಜಗಲಿಯಲ್ಲಿ ಗಾಲಿ ಕುರ್ಚಿಯ ಮೇಲೆ ಕೂತಿದ್ದ ಮೇಡಂ ಅದನ್ನು ನೋಡಿ ಚಿಕ್ಕ ಮಕ್ಕಳಂತೆ ಚಪ್ಪಾಳೆ ತಟ್ಟಿದರು. ಗೌರಿ ಹಬ್ಬಕ್ಕೆ ಇನ್ನೂ ಒಂದು ವಾರವಿತ್ತು. ಎಲ್ಲ ಸುಸೂತ್ರವಾಗುತ್ತಿದೆ ಎಂದುಕೊಂಡೆ.

ಇಲ್ಲಿ ಒಂದು ಮಾತು ಹೇಳಬೇಕು. ಕೇಬಲ್ ಎಳೆಯುವಾಗ ನಮ್ಮಲ್ಲಿ ಇದ್ದದ್ದು ಎರಡೇ ಕೂಗು: 'ಎಳಿ' ಮತ್ತು 'ಬುಡು'. ಕೇಬಲ್ ಸುತ್ತಿರುವ ಡ್ರಮ್ಮಿನ ಹತ್ತಿರ ನಿಂತವನಿಗೆ 'ಬುಡು' ಅಂದರೆ ಸಡಿಲ ಮಾಡು, ಇನ್ನಷ್ಟು ಕೊಡು ಎಂದರ್ಥ. ಆ ಕೂಗು ಕಿವಿಗೆ ಬಿದ್ದ ಕೂಡಲೇ ಆಚೆ ತುದಿಯವರು, ಕೇಬಲ್ ಬರುತ್ತಿದೆ ಎಂದು ಬಲ ಹಾಕಿ ಎಳೆಯುತ್ತಾರೆ. ಇಷ್ಟು ವರ್ಷ ಇದರಲ್ಲಿ ಯಾರಿಗೂ ಏನೂ ಅನ್ನಿಸಿರಲಿಲ್ಲ. ಆದರೆ ನಮ್ಮ ಕಡೆ 'ಬುಡು' ಎನ್ನುವುದಕ್ಕೆ ಒಂದೇ ಅರ್ಥವೇ? ಕೈ ತಿರುಚಿದವನಿಗೂ ಬುಡು, ಜಗಳ ಬಿಡಿಸುವಾಗಲೂ ಬುಡು, ದುಃಖದಲ್ಲಿರುವವರ ಸಮಾಧಾನಕ್ಕೂ ಬುಡು, ಗಣಪತಿಯನ್ನು ನೀರಿಗೆ ಇಳಿಸುವುದೂ ಬುಡುವುದೇ.

ಆ ಮಧ್ಯಾಹ್ನ ಮಾದೇಶ ಮನೆಯ ಮುಂದಿನ ತಗಡಿನ ಚಪ್ಪರದಡಿ ಡ್ರಮ್ಮಿನ ಹತ್ತಿರ ಇದ್ದ. ನಾಸಿರ್ ಭಾಯ್ ಆಳುಗಳೊಂದಿಗೆ ಗೇಟಿನ ಕಡೆ ಹಗ್ಗ ಹಿಡಿದಿದ್ದರು. ನಾನು ನಡುವಿನ ಗುಂಡಿಯಲ್ಲಿ, ಪಾದ ಮುಳುಗುವ ನೀರಿನಲ್ಲಿ ನಿಂತು, ಮನೆಯ ಕಡೆಯ ಪೈಪಿನಿಂದ ಬಂದ ಕಂಟ್ರೋಲ್ ಕೇಬಲ್ಲಿಗೆ ಸೋಪಿನ ನೀರು ಸವರಿ ಗೇಟಿನ ಕಡೆಯ ಪೈಪಿಗೆ ಕೊಡುತ್ತಿದ್ದೆ. ಮಳೆ ಜೋರಾಯಿತು. ಚಪ್ಪರದ ತಗಡಿನ ಮೇಲೆ ಬೀಳುವ ಸದ್ದಿಗೆ ಯಾರ ಮಾತೂ ಪೂರ್ತಿ ಕೇಳಿಸುತ್ತಿರಲಿಲ್ಲ. ಅಷ್ಟರಲ್ಲಿ ಕೇಬಲ್ ಒಮ್ಮೆಲೇ ಜಾಸ್ತಿ ಬಂದು ಗುಂಡಿಯಲ್ಲಿ ಒಂದು ಸುತ್ತು ಬಿತ್ತು. ಬಿಡಿಸೋಣವೆಂದು ಕೈ ಹಾಕಿದೆ. ಅದೇ ಹೊತ್ತಿಗೆ ಆಚೆಯಿಂದ ಎಳೆದರು. ಸುತ್ತು ಬಿಗಿದು, ನನ್ನ ಎರಡು ಬೆರಳನ್ನು ಪೈಪಿನ ಅಂಚಿಗೆ ಒತ್ತಿ ಹಿಡಿಯಿತು.

"ಬುಡು!" ಎಂದು ಕಿರುಚಿದೆ. ಕೈ ಸಿಕ್ಕಿಬಿದ್ದವನ ಬಾಯಿಗೆ ಬೇರೆ ಯಾವ ಮಾತು ಬರುತ್ತದೆ? "ಬುಡೋ! ಬುಡು!"

ಮಾದೇಶ ಬಿಟ್ಟ. ನಂಬಿಗಸ್ತ, ಕೇಳಿದ್ದಕ್ಕಿಂತ ಹೆಚ್ಚೇ ಬಿಟ್ಟ. ನಾಸಿರ್ ಭಾಯ್ ಆಳುಗಳು 'ಬುಡು' ಕೇಳಿಸಿಕೊಂಡು ಮೈಯೆಲ್ಲ ಬಲ ಹಾಕಿ ಎಳೆದರು. ನಾನು ಇನ್ನೂ ಜೋರಾಗಿ ಕಿರುಚಿದೆ, ಅವರು ಇನ್ನೂ ಜೋರಾಗಿ ಎಳೆದರು. ನೋವಿಗಿಂತ ನನಗೆ ಆಗ ಆದದ್ದು ಭಯ. ನಾನು ಏನು ಕೂಗಿದರೂ ಅದು ನನ್ನ ಬೆರಳನ್ನೇ ತಿನ್ನುತ್ತಿದೆ ಎಂದು ಗೊತ್ತಾಗುತ್ತಿತ್ತು. ಆದರೂ ನಾಲಿಗೆಗೆ ಬೇರೆ ಮಾತು ಸಿಗುತ್ತಿರಲಿಲ್ಲ.

ಆಗ ವಿಶಲ್ ಕೇಳಿಸಿತು.

ಮಳೆಯ ಸದ್ದನ್ನೆಲ್ಲ ಸೀಳಿಕೊಂಡು ಬಂದ ಒಂದು ಉದ್ದನೆಯ ವಿಶಲ್. ಮಾದೇಶ ಓದಿದ್ದು ಹಳ್ಳಿಯ ಶಾಲೆಯಲ್ಲಿ, ನಾಸಿರ್ ಭಾಯ್ ಉದಯಗಿರಿಯ ಉರ್ದು ಶಾಲೆಯಲ್ಲಿ, ಆಳುಗಳಲ್ಲಿ ಒಬ್ಬಿಬ್ಬರು ಎರಡನೇ ಕ್ಲಾಸು ದಾಟಿದವರಲ್ಲ. ಆದರೆ ಪಿಟಿ ಟೀಚರ ಉದ್ದ ವಿಶಲ್‌ಗೆ ಎಲ್ಲ ಶಾಲೆಯಲ್ಲೂ ಒಂದೇ ಅರ್ಥ. ನಿಂತಲ್ಲೇ ನಿಲ್ಲಬೇಕು. ಎಲ್ಲರೂ ನಿಂತರು. ಹಗ್ಗ ಹಿಡಿದ ಕೈಗಳು ಹಾಗೇ ನಿಂತವು. ಗೇಟಿನ ಹತ್ತಿರ ಯಾರೋ ಅಟೆನ್ಶನ್‌ನಲ್ಲೇ ನಿಂತಿದ್ದನಂತೆ. ನಾಸಿರ್ ಭಾಯ್ ಇವತ್ತಿಗೂ ಅದನ್ನು ಹೇಳಿ ನಗುತ್ತಾರೆ.

"ಹಗ್ಗ ಕೆಳಕ್ಕಾಕ್ರೋ! ಅವನ್ ಕೈ ಸಿಕ್ಕಾಕ್ಕೊಂಡದೆ!" ಎಂದು ಜಗಲಿಯಿಂದ ಮೇಡಂ ಕೂಗಿದರು. ಅವರ ಕುತ್ತಿಗೆಯಲ್ಲಿ ಹಳೆಯ ದಾರಕ್ಕೆ ಕಟ್ಟಿದ ಹಿತ್ತಾಳೆಯ ವಿಶಲ್ ನೇತಾಡುತ್ತಿತ್ತು. ಪುಟ್ಟಮ್ಮ ಅಡುಗೆಮನೆಯಲ್ಲಿದ್ದರೆ ಕರೆಯಲು ಅದನ್ನು ಇಟ್ಟುಕೊಂಡಿದ್ದರಂತೆ.

ಅದನ್ನೇ ಗೇಟಿನ ಕಡೆಗೆ ಕೂಗುತ್ತಾ ಮಾದೇಶ ಓಡಿ ಬಂದು ಗುಂಡಿಗೆ ಬಗ್ಗಿ ನನ್ನ ಕೈ ನೋಡಿದ. ನೋಡಿ, ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟ. "ನೀವೇ ಬುಡು ಅಂದ್ರಲ್ಲಣ್ಣ," ಎಂದು ಅದನ್ನೇ ಹೇಳುತ್ತಿದ್ದ. "ನೀವೇ ಅಂದ್ರಲ್ಲಣ್ಣ."

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ಉಂಗುರದ ಬೆರಳು ಉಳಿಯಿತು. ನಡುಬೆರಳಿನ ತುದಿ ಉಳಿಯಿತು ಅಂತಲೂ ಇಲ್ಲ, ಹೋಯಿತು ಅಂತಲೂ ಇಲ್ಲ. ನಾನು ಆಸ್ಪತ್ರೆಯಲ್ಲಿದ್ದಾಗಲೇ ಉಳಿದ ಕೇಬಲ್ಲನ್ನು ನಾಸಿರ್ ಭಾಯ್ ಎಳೆದು ಮುಗಿಸಿದ್ದರು. ಬಿಳಿ ಬಟ್ಟೆ ಸುತ್ತಿದ ಕೈ ಹಿಡಿದುಕೊಂಡು ಮತ್ತೆ ದಟ್ಟಗಳ್ಳಿಗೆ ಹೋದಾಗ ಗೌರಿ ಹಬ್ಬದ ಬಾಗಿನದ ಮೊರಗಳು ಅಂಗಡಿಗಳ ಮುಂದೆ ಬಂದಿದ್ದವು. ಎರಡೂ ತುದಿ ಜೋಡಿಸಿ, ಮೇಡಂ ಕೈಗೆ ಬಟನ್ ಕೊಟ್ಟೆವು. ಒತ್ತಿದರು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದರು. ಮೀಟರ್ ಹಿಡಿದು ನೋಡುತ್ತಾ ಹೋದರೆ ತಪ್ಪು ಸಿಕ್ಕಿದ್ದು ಅದೇ ಗುಂಡಿಯಲ್ಲಿ. ನನ್ನ ಬೆರಳು ಅರೆದ ಪೈಪಿನ ಅಂಚು ಕೇಬಲ್ಲಿನ ತೊಗಟೆಯನ್ನೂ ಸೀಳಿತ್ತು. ನೀರು ಒಳಗೆ ಹೋಗಿತ್ತು.

ಜಯರಾಮು ಅವರ ಮುಖ ಇಳಿಯಿತು. "ಅಷ್ಟು ಜಾಗ ಕತ್ತರಿಸಿ ಜಾಯಿಂಟ್ ಹಾಕಿ ಚಂದ್ರು ಅವ್ರೆ. ಒಂದು ಗಂಟೆ ಕೆಲ್ಸ ತಾನೆ?"

ಒಂದು ಗಂಟೆಯ ಕೆಲಸವೇ. ಹಾಕಿದರೆ ಅವತ್ತು ಬೆಲ್ ಹೊಡೆಯುತ್ತಿತ್ತು, ಗೇಟು ತೆರೆಯುತ್ತಿತ್ತು, ಅವರು ನೆಮ್ಮದಿಯಾಗಿ ರೈಲು ಹತ್ತುತ್ತಿದ್ದರು. ಹೊಸ ಕೇಬಲ್ ಎಳೆಯುವುದೆಂದರೆ ಮತ್ತೆ ಮೊದಲಿಂದ. ಅವರು ಹೊರಡುವುದರೊಳಗೆ ಮುಗಿಯುತ್ತದೆಂಬ ಭರವಸೆ ಇರಲಿಲ್ಲ. ಗೋಡೆಯ ಪಕ್ಕ ಸೂಟ್‌ಕೇಸು ಹಾಗೇ ನಿಂತಿತ್ತು.

ಮೇಡಂ ಕೇಳಿದರು: "ಆ ಗುಂಡಿಗೆ ನೀರು ತುಂಬ್ತದಾ?"

"ಮಳೆಗಾಲದಲ್ಲಿ ತುಂಬ್ತದೆ ಮೇಡಂ."

"ಜಾಯಿಂಟ್ ಕೆಟ್ರೆ ನಂಗೆ ಯಾವಾಗ ಗೊತ್ತಾಗ್ತದೆ?"

"ನೀವು ಬೆಲ್ ಒತ್ತಿದಾಗ," ಎಂದೆ.

ಜಯರಾಮು ಕಿಟಕಿಯ ಕಡೆ ತಿರುಗಿಕೊಂಡರು. ಮೇಡಂ ಕೈಯಲ್ಲಿದ್ದ ಬಟನ್ನನ್ನು ಮಂಚದ ಮೇಲಿಟ್ಟು, "ಹೊಸಾದೇ ಎಳೀರಿ. ಆಗ್ದೆ ಹೋದ್ರೆ ಸೂಟ್‌ಕೇಸು ಹಿಡ್ಕೊಂಡು ಹೋಗ್ತೀನಿ. ಆದ್ರೆ ನನ್ ಮನೇಲಿ ಸುಳ್ಳು ಬೆಲ್ ಬೇಡ," ಎಂದರು.

ಹೊಸ ಕೇಬಲ್ ಬೆಂಗಳೂರಿನಿಂದ ಬರುವುದು ತಡವಾಯಿತು. ಗೌರಿ ಬಂದಳು, ಗಣಪತಿ ಕೂತ. ಅವರ ಮನೆಯಲ್ಲಿ ಮೂರನೇ ದಿನ ಗಣಪತಿ ಬಿಡುವ ಪದ್ಧತಿ. ಕೇಬಲ್ ಬಂದದ್ದು ಹಬ್ಬದ ಮಾರನೆಯ ದಿನ ಬೆಳಗ್ಗೆ. ನಾಸಿರ್ ಭಾಯ್ ಆಗಲೇ ಬಂದು ಗುಂಡಿಯ ನೀರು ಮೊಗೆದು ಹಾಕಿ, ಪೈಪಿನ ಅಂಚನ್ನು ಉಜ್ಜಿ ನುಣ್ಣಗೆ ಮಾಡಿ, ಹಳೆಯ ಕೇಬಲ್ಲಿನ ಬಾಲಕ್ಕೇ ಹಗ್ಗ ಕಟ್ಟಿ ವಾಪಸು ಎಳೆದಿಟ್ಟಿದ್ದರು. ಮಾದೇಶ ಮಾತ್ರ ಗೇಟಿನ ಹತ್ತಿರವೇ ನಿಂತಿದ್ದ.

"ನಾನು ಮಣ್ಣು ಹೊರ್ತೀನಣ್ಣ. ಡ್ರಮ್ ಹತ್ರ ಬೇರೆ ಯಾರಾದ್ರೂ ನಿಂತ್ಕೊಳ್ಲಿ," ಎಂದ. ಆ ದಿನದಿಂದ ಅವನ ಕೈ ಕೇಬಲ್ ಮುಟ್ಟಿರಲಿಲ್ಲ. ನಾನು ಎಷ್ಟು ಹೇಳಿದರೂ ಜಗ್ಗಲಿಲ್ಲ.

ಆಗ ಮೇಡಂ ತಮ್ಮ ಕುರ್ಚಿಯನ್ನು ಗುಂಡಿಯ ಹತ್ತಿರ ತಳ್ಳಿಸಿಕೊಂಡು ಬಂದರು. ಕೆಸರಿನಲ್ಲಿ ಗಾಲಿ ಹೂತುಹೋಗದಂತೆ ಎರಡು ಹಲಗೆ ಹಾಕಿದ್ದರು. ಕುರ್ಚಿಯ ಬೆನ್ನಿಗೆ ಪುಟ್ಟಮ್ಮ ಛತ್ರಿ ಕಟ್ಟಿದ್ದಳು.

"ಮಾದೇಶ, ಇಲ್ಲಿ ಬಾ. ಡ್ರಮ್ ಹತ್ರ ನೀನೇ ನಿಂತ್ಕೊ. ಇವತ್ತು ಯಾರೂ ಬಾಯಿ ತೆಗೆಯಂಗಿಲ್ಲ. ಒಂದು ಚಿಕ್ಕ ವಿಶಲ್ ಹೊಡುದ್ರೆ ನಾಸಿರ್ ಕಡೆಯವ್ರು ಎಳೀಬೇಕು. ಎರಡು ಹೊಡುದ್ರೆ ನೀನು ಸಡಿಲ ಮಾಡ್ಬೇಕು. ಉದ್ದ ಹೊಡುದ್ರೆ ಎಲ್ರೂ ನಿಲ್ಬೇಕು, ಉಸಿರೂ ಬುಡಂಗಿಲ್ಲ. ಅರ್ಥ ಆಯ್ತಾ?"

"ಆಯ್ತು ಮೇಡಂ," ಎಂದು ಇಡೀ ತಂಡ ಕ್ಲಾಸಿನವರಂತೆ ಒಟ್ಟಿಗೆ ಹೇಳಿತು. ನಾಸಿರ್ ಭಾಯ್ ಗಡ್ಡದೊಳಗೇ ನಕ್ಕರು. ಮಾದೇಶ ತಲೆ ತಗ್ಗಿಸಿಕೊಂಡು ಡ್ರಮ್ಮಿನ ಹತ್ತಿರ ಹೋದ.

ಅಂಥ ಕೆಲಸವನ್ನು ನಾನು ಮತ್ತೆ ನೋಡಿಲ್ಲ. ಒಬ್ಬರೂ ಮಾತಾಡುತ್ತಿಲ್ಲ. ಗುಂಡಿಯಲ್ಲಿ ನಾಸಿರ್ ಭಾಯ್ ಅವರ ತಮ್ಮ, ಅವನ ಕೈ ಮೇಲೇ ಮೇಡಂ ಕಣ್ಣು. ಒಂದು ವಿಶಲ್, ಕೇಬಲ್ ಸರಿಯುತ್ತದೆ. ಎರಡು ವಿಶಲ್, ಡ್ರಮ್ಮು ತಿರುಗುತ್ತದೆ. ತಿರುವಿನಲ್ಲಿ ಒಮ್ಮೆ ಹಿಡಿದುಕೊಂಡಿತು. ಉದ್ದ ವಿಶಲ್. ಎಲ್ಲರೂ ನಿಂತರು. ಮಳೆ ಮಾತ್ರ ನಿಲ್ಲಲಿಲ್ಲ. ಬಟ್ಟೆ ಸುತ್ತಿದ ನನ್ನ ಕೈ ಎದೆಗೆ ಒತ್ತಿಕೊಂಡು, ಇಲ್ಲೇ ಮತ್ತೆ ತೊಗಟೆ ಸೀಳಿದರೆ ಮುಗಿಯಿತು, ಇನ್ನೊಂದು ಕೇಬಲ್ಲಿಗೆ ಸಮಯವಿಲ್ಲ ಎಂದು ಲೆಕ್ಕ ಹಾಕುತ್ತಿದ್ದೆ. ಜಯರಾಮು ಹಲಸಿನ ಮರದಡಿ ನಿಂತು ಮುಖ ಒರೆಸಿಕೊಳ್ಳುತ್ತಿದ್ದರು. ಸೋಪು ಸವರಿದರು, ಒಂದಿಷ್ಟು ಹಿಂದಕ್ಕೆ ಎಳೆದರು, ಮತ್ತೆ ಒಂದು ಚಿಕ್ಕ ವಿಶಲ್. ಕೇಬಲ್ ಮೆಲ್ಲಗೆ ತಿರುವು ದಾಟಿತು. ಬಹಳ ಹೊತ್ತಿನ ಮೇಲೆ ಗೇಟಿನ ಕಡೆಯಿಂದ "ಬಂತು!" ಎಂದು ಯಾರೋ ನಿಯಮ ಮುರಿದು ಕೂಗಿದ. ಮೇಡಂ ಅವನನ್ನು ಬೈಯಲಿಲ್ಲ.

ಸಂಜೆ ಮೇಡಂ ಮಂಚದ ಮೇಲಿನಿಂದ ಬಟನ್ ಒತ್ತಿದರು. ನಾನು ಫೋನ್ ಕಿವಿಗೆ ಇಟ್ಟುಕೊಂಡು ಕಾಯುತ್ತಿದ್ದೆ. ಬಾಡಿಗೆ ಮನೆಯ ಬೆಲ್ಲಿನ ಸದ್ದು ಅಲ್ಲೇ ನಿಂತಿದ್ದ ಮಾದೇಶನ ಫೋನಿನಿಂದ ನನ್ನ ಕಿವಿಗೆ ಬಂತು. ಅದರ ಹಿಂದೆ ಮಾದೇಶ ಅಳುವುದೂ ಕೇಳಿಸಿತು.

ಗಣಪತಿ ಬಿಟ್ಟ ಮಾರನೆಯ ಬೆಳಗ್ಗೆ ಜಯರಾಮು ಹೊರಟರು. ಸೂಟ್‌ಕೇಸಿನಿಂದ ಸೀರೆಗಳನ್ನು ತೆಗೆದು ಬೀರುವಿನಲ್ಲಿ ಜೋಡಿಸಿ, ಖಾಲಿ ಸೂಟ್‌ಕೇಸಿಗೆ ತಮ್ಮ ಬಟ್ಟೆ ತುಂಬಿಕೊಂಡಿದ್ದರು. ಕಾರು ಗೇಟಿನ ಹತ್ತಿರ ಬಂದಾಗ ಅಭ್ಯಾಸಬಲದಿಂದ ಬಾಗಿಲು ತೆರೆದು ಇಳಿದರು. ಅವರ ಕೈ ತಾಗುವ ಮೊದಲೇ ಗೇಟು ತಾನಾಗಿ ಸರಿಯಿತು. ಅವರು ಹಾಗೇ ನಿಂತು, ಕಾಣಿಸದ ಆ ಮನೆಯ ಕಡೆ ತಿರುಗಿ ಕೈ ಮುಗಿದರು. ಕಾರು ಹೋದ ಮೇಲೆ ಗೇಟು ಮತ್ತೆ ಮುಚ್ಚಿಕೊಂಡಿತು. ಅವತ್ತು ನನಗೆ ಕಣ್ಣು ತುಂಬಿ ಬಂದದ್ದನ್ನು ಕೈ ನೋವೆಂದು ಹೇಳಿ ತಪ್ಪಿಸಿಕೊಂಡೆ.

ಅದಾದ ಮೇಲೆ ಎಷ್ಟೋ ಮಳೆಗಾಲ ಬಂದು ಹೋದವು. ನಮ್ಮ ಕೆಲಸದಲ್ಲಿ ಈಗ ವಿಶಲ್ಲೇ. ಮಾದೇಶ ನನ್ನೆದುರು 'ಬುಡು' ಎಂಬ ಮಾತನ್ನೇ ಆಡುವುದಿಲ್ಲ. ಟೀವಿ ವಾರ್ತೆ ಓದುವವರಂತೆ 'ಬಿಡಿ' ಎನ್ನುತ್ತಾನೆ. ಹೋದ ವಾರ ಹೋದದ್ದು ಗೇಟಿನ ಹತ್ತಿರ ಪೈಪಿನ ಬಾಯಿ ಒಡೆದಿತ್ತೆಂದು, ಅಷ್ಟೆ. ಒಳಗಿನ ಕೇಬಲ್ ಹೊಸದರಂತಿತ್ತು. ಪೈಪು ಅಂಟಿಸಿ, ಮನೆಗೆ ಹೋಗಿ, ಇಷ್ಟು ದಿನ ಈ ಕಡೆ ತಲೆ ಹಾಕಲಿಲ್ಲವೆಂದು ಮೇಡಂ ಹತ್ತಿರ ಕಾಫಿಯ ಬದಲು ಬೈಗುಳ ತಿಂದು ಬಂದೆವು. ತೆಳ್ಳಗಾಗಿದ್ದಾರೆ. ಹಿತ್ತಾಳೆ ವಿಶಲ್ ಮಂಚದ ತಲೆಯ ಹತ್ತಿರ, ಬಟನ್ನಿನ ಪಕ್ಕದಲ್ಲೇ ನೇತಾಡುತ್ತಿದೆ.

ಹೊರಟು ಗೇಟಿನ ಹತ್ತಿರ ಬಂದೆವು. ಹೊಸದಾಗಿ ಅಂಟಿಸಿದ್ದಕ್ಕೆ ಏಟು ಬೀಳದಿರಲಿ ಎಂದು ನಾನೇ ಮೆಲ್ಲಗೆ ತಳ್ಳೋಣವೆಂದು ಗೇಟಿಗೆ ಕೈ ಇಟ್ಟೆ. ಕಂಬದ ಮೇಲೆ ಕ್ಯಾಮೆರಾ ಪಕ್ಕದಲ್ಲಿದ್ದ ಪುಟ್ಟ ಸ್ಪೀಕರಿನಿಂದ ಮೇಡಂ ದನಿ ಬಂತು.

"ಚಂದ್ರು! ಗೇಟಿಂದ ಕೈ ತೆಗಿ."

ನಾನೂ ಮಾದೇಶನೂ ನಿಂತಲ್ಲೇ ನಿಂತೆವು.

"ನಾನೇ ಬುಡ್ತೀನಿ."